ಇಸ್ಮೊ ಬಾಯಿ ಮುಚ್ಚಿಕೊಂಡ ಭಾನುವಾರ

ಸೆಪ್ಟೆಂಬರ್ ಬಂತೆಂದರೆ ಫಿನ್‌ಲೆಂಡಿನ ಪೆರಾಲಾದ ಬಯಲಿನಲ್ಲಿ ಬಾರ್ಲಿ ಒಣಗಿಸುವ ಯಂತ್ರಗಳು ಹಗಲೂ ಇರುಳೂ ಗುಂಯ್‌ಗುಡುತ್ತಿರುತ್ತವೆ. ಊರಿನವರಿಗೆ ಅದು ಕೇಳಿಸುವುದೇ ಇಲ್ಲ. ನಿಂತಾಗ ಮಾತ್ರ ಎಲ್ಲರೂ ತಲೆ ಎತ್ತಿ ನೋಡುತ್ತಾರೆ. ಆ ಶನಿವಾರ ಬೆಳಿಗ್ಗೆ ಗುಂಯ್‌ಗುಡುವಿಕೆಯ ನಡುವೆ ಯಾಸ್ಕರಿ ಮನೆಯ ಶೆಡ್ಡಿನಿಂದ ಇನ್ನೊಂದು ಸದ್ದು ಬಂತು. ಥಪ್. ಸ್ವಲ್ಪ ಬಿಟ್ಟು ಮತ್ತೆ, ಥಪ್.

ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಿದ್ದ ಸಿರ್ಕಾ ಚಾಕುವನ್ನು ಕೆಳಗಿಟ್ಟಳು. ಎರಕದ ಕಬ್ಬಿಣವನ್ನು ಸುತ್ತಿಗೆಯಿಂದ ಮೆಲ್ಲನೆ ಬಡಿದರೆ, ಅದು ಗಟ್ಟಿಯಾಗಿದ್ದರೆ ಗಂಟೆಯಂತೆ ದನಿ ಕೊಡುತ್ತದೆ. ಒಡಕಿದ್ದರೆ ಒದ್ದೆ ಮರದಂತೆ ಥಪ್ ಎನ್ನುತ್ತದೆ. ಇಸ್ಮೊನನ್ನು ಮದುವೆಯಾಗಿ ಇಷ್ಟು ವರ್ಷದಲ್ಲಿ ಸಿರ್ಕಾ ಕಲಿಯದೆ ಬಿಟ್ಟದ್ದು ಬಹಳವಿದ್ದರೂ ಇದನ್ನು ಕಲಿತಿದ್ದಳು. ಅವಳು ಏಪ್ರನ್ನಿನಲ್ಲೇ ಅಂಗಳ ದಾಟಿದಳು.

ಶೆಡ್ಡಿನಲ್ಲಿ ಇಸ್ಮೊ ಮಂಡಿಯೂರಿ ಕೂತಿದ್ದ. ಮರದ ದಿಮ್ಮಿಗಳ ಮೇಲೆ ಎತ್ತಿ ನಿಲ್ಲಿಸಿದ್ದ ರೇಸ್ ಕಾರಿನ ಹೊಟ್ಟೆಯಿಂದ ಗೇರ್‌ಬಾಕ್ಸ್ ಹೊರಗೆ ಬಂದಿತ್ತು. ಎಂಜಿನ್ನಿನ ಬೆನ್ನಿಗೆ ಕೂರುವ ಭಾರದ ಕಬ್ಬಿಣದ ಚಕ್ರ, ಫ್ಲೈವೀಲ್, ಅವನ ತೊಡೆಯ ಮೇಲಿತ್ತು. ಅದರ ಮೈಮೇಲೆ ಕೂದಲೆಳೆಯಂಥ ಗೆರೆಯೊಂದು ಅಂಚಿನಿಂದ ನಡುವಿನ ತನಕ ಓಡಿತ್ತು.

“ಒಡೆದಿದೆ,” ಎಂದ.

“ಕೇಳಿಸ್ತು,” ಎಂದಳು ಸಿರ್ಕಾ. “ನಾಳೆ ಹೀಗೇ ಓಡಿಸಿದ್ರೆ?”

“ಓಡುತ್ತೆ. ಮಧ್ಯದಲ್ಲಿ ಎಲ್ಲಾದ್ರೂ ಸಿಡಿದ್ರೆ ನನ್ನ ಎರಡು ಕಾಲು ಬೇರೆ, ನಾನು ಬೇರೆ.”

“ಹಂಗಾದ್ರೆ ಬೇಡ. ಪ್ಯಾಂಟು ಹೊಸದು.”

ಇಸ್ಮೊ ನಗಲಿಲ್ಲ. ಅವನ ಕಣ್ಣು ಶೆಡ್ಡಿನ ಆಚೆ, ಹಬೆಸ್ನಾನದ ಮನೆಯಾದ ಸೌನಾದ ಬಾಗಿಲ ಕಡೆ ಹೋಯಿತು. ಸಿರ್ಕಾಳ ಕಣ್ಣೂ ಅಲ್ಲಿಗೇ ಹೋಯಿತು. ಸೌನಾದ ಹೊರಕೋಣೆಯ ಬೆಂಚಿನ ಕೆಳಗೆ, ಫ್ಲಾನೆಲ್ ಅಂಗಿಯಲ್ಲಿ ಸುತ್ತಿಕೊಂಡು, ಇನ್ನೊಂದು ಫ್ಲೈವೀಲ್ ಮಲಗಿತ್ತು.

ಅದರ ವಿಷಯ ಹೇಳುವ ಮುಂಚೆ ಇಸ್ಮೊ ಯಾಸ್ಕರಿಯ ವಿಷಯ ಹೇಳಬೇಕು. ಅವನು ಹಾಲಿನ ಲಾರಿ ಓಡಿಸುತ್ತಾನೆ. ಹಳ್ಳಿಹಳ್ಳಿಯ ಕೊಟ್ಟಿಗೆಗಳಿಂದ ಹಾಲು ತುಂಬಿಕೊಳ್ಳುತ್ತಾನೆ, ಬದಲಿಗೆ ತನ್ನ ಮಾತನ್ನು ಇಳಿಸಿ ಬರುತ್ತಾನೆ. ಫಿನ್‌ಲೆಂಡಿನ ಜನ ಮಾತಾಡುವುದಿಲ್ಲ ಎಂದು ಯಾರೋ ಹೊರಗಿನವರು ಹಬ್ಬಿಸಿದ್ದಾರೆ. ಅವರು ಈ ಪೊಹ್ಯನ್‌ಮಾ ಸೀಮೆಯ ಬಯಲಿಗೆ ಬಂದಿಲ್ಲ. ಇಲ್ಲಿ ಗಂಡಸು ತನ್ನ ಮನೆಯನ್ನು ಎರಡು ಮಹಡಿ ಕಟ್ಟಿ ಒಂದರಲ್ಲಷ್ಟೇ ವಾಸಿಸುತ್ತಾನೆ. ಮೇಲಿನದು ನೆರೆಯವನಿಗೆ ಕಾಣಲೆಂದು. ಇಸ್ಮೊ ಅಂಥ ಊರಿನಲ್ಲೂ ಜಂಬದವನೆಂದು ಹೆಸರು ತೆಗೆದುಕೊಂಡಿದ್ದ. ಅವನು ಹಿಡಿದ ಮೀನು ದಿನ ಕಳೆದಂತೆ ಬೆಳೆಯುತ್ತಿತ್ತು. ಅವನು ಕಾಯಿಸಿದ ಸೌನಾದಲ್ಲಿ ಪಾದ್ರಿಯೊಬ್ಬರು ದೇವರ ಹೆಸರು ಮರೆತಿದ್ದರಂತೆ.

ಸಿರ್ಕಾ ಶಾಲೆಯ ಅಡುಗೆಮನೆಯವಳು. ಅಳತೆ ಅವಳ ಕಸುಬು: ಉಪ್ಪಿನದು, ಮಾತಿನದು. ಗಂಡ ಬಾಯಿ ತೆರೆದಾಗ ಅವಳು ಎಡಗಡೆಯ ಹುಬ್ಬನ್ನು ಒಂದಿಷ್ಟು ಏರಿಸುತ್ತಿದ್ದಳು, ಅಷ್ಟೇ. ಆ ಹುಬ್ಬನ್ನು ನೋಡಿ ಊರು ನಗುತ್ತಿತ್ತು. “ಪಾಪ ಸಿರ್ಕಾ, ಹೆಂಗೆ ಸಹಿಸ್ಕೋತಾಳೋ” ಎನ್ನುತ್ತಿತ್ತು. ಈ ‘ಪಾಪ ಸಿರ್ಕಾ’ ಎಂಬ ಮಾತು ಅವಳಿಗೆ ಭಾನುವಾರದ ಕಾಫಿಗಿಂತ ಹೆಚ್ಚು ಹಿಡಿಸುತ್ತಿತ್ತು. ಜಂಬವಿಲ್ಲದವಳೆಂಬ ಜಂಬವನ್ನು ಅವಳಷ್ಟು ಚೊಕ್ಕವಾಗಿ ತೊಳೆದು ಇಸ್ತ್ರಿ ಮಾಡಿಟ್ಟುಕೊಂಡವರು ಊರಿನಲ್ಲಿ ಇನ್ನೊಬ್ಬರಿರಲಿಲ್ಲ.

ಇನ್ನು ರೇಸು. ಇಲ್ಲಿನವರು ಅದನ್ನು ಯೊಕ್ಕಿಸ್ ಎನ್ನುತ್ತಾರೆ. ಗುಜರಿಗೆ ಹೋಗಬೇಕಾದ ಕಾರಿನ ಗಾಜು ತೆಗೆದು, ಒಳಗೆ ಕಬ್ಬಿಣದ ಪಂಜರ ಬೆಸುಗೆ ಹಾಕಿ, ಮರಳು ಕ್ವಾರಿಯಲ್ಲಿ ಸುತ್ತು ಹೊಡೆಯುವ ಆಟ. ಯಾವ ಕಾರಿಗೆ ಏನು ಬೇಕಾದರೂ ಮಾಡಿಕೊಳ್ಳಬಹುದು. ಆದರೆ ಒಂದು ನಿಯಮವಿದೆ. ರೇಸು ಮುಗಿದ ಅರ್ಧ ಗಂಟೆಯೊಳಗೆ, ಅವತ್ತು ಓಡಿದ ಯಾರೇ ಆಗಲಿ ಇನ್ನೊಬ್ಬರ ಕಾರನ್ನು ಮೊದಲೇ ಗೊತ್ತುಮಾಡಿದ ಒಂದೇ ಬೆಲೆಗೆ ಕೇಳಬಹುದು. ಆ ಬೆಲೆಗೆ ಒಂದು ಒಳ್ಳೆಯ ಸೈಕಲ್ ಬರುವುದೂ ಕಷ್ಟ. ಕೇಳಿದರೆ ಕೊಡಲೇಬೇಕು. ಹಲವರು ಕೇಳಿದರೆ ಚೀಟಿ ಎತ್ತುತ್ತಾರೆ. ಕೊಡೆನೆಂದವನು ಮತ್ತೆ ಟ್ರ್ಯಾಕಿನ ಕಡೆ ತಲೆ ಹಾಕುವಂತಿಲ್ಲ.

ಹೀಗಾಗಿ ಈ ಸೀಮೆಗೆ ವಿನಯ ಕಲಿಸಿದ್ದು ಪಾದ್ರಿಗಳಲ್ಲ, ಯೊಕ್ಕಿಸ್. ವಾರವಿಡೀ ತನ್ನ ಹಂದಿ, ತನ್ನ ಟ್ರ್ಯಾಕ್ಟರು, ತನ್ನ ಅಳಿಯ ಎಂದು ಎದೆ ಉಬ್ಬಿಸುವ ಗಂಡಸು ಭಾನುವಾರ ಟ್ರ್ಯಾಕಿಗೆ ಬಂದರೆ ತನ್ನ ಕಾರನ್ನು ಹಾಡಿಕೊಂಡು ಬೈಯುತ್ತಾನೆ. ಚೆನ್ನಾಗಿರುವ ಎಂಜಿನ್ನಿನ ಮೇಲೆ ಬೇಕೆಂದೇ ಹಳೆಯ ಎಣ್ಣೆ ಸುರಿಯುತ್ತಾನೆ. ಹೊಸ ಬಾಗಿಲಿಗೆ ಕೊಡಲಿಯ ಹಿಂಬದಿಯಿಂದ ನಾಲ್ಕು ಪೆಟ್ಟು ಹಾಕುತ್ತಾನೆ. ಗೆದ್ದವನು “ಮುಂದಿನವಾರ ಇದನ್ನ ಕೋಳಿಗೂಡು ಮಾಡ್ತೀನಿ” ಎನ್ನುತ್ತಾನೆ.

ಇಸ್ಮೊಗೆ ಮಾತ್ರ ಇದು ಬರಲಿಲ್ಲ. ಅವನು ತನ್ನ ಕಾರನ್ನು ಹೊಗಳಿಯೇ ಹೊಗಳಿದ. ಆದರೂ ಯಾರೊಬ್ಬರೂ ಅದನ್ನು ಒಮ್ಮೆಯೂ ಕೇಳಲಿಲ್ಲ. ಅವನ ಹೊಗಳಿಕೆಯನ್ನು ನಂಬುವವರಿರಲಿಲ್ಲ, ಕಾರು ಫೈನಲ್ ತಲುಪಿದ್ದೂ ಇರಲಿಲ್ಲ.

ಹೋದ ಚಳಿಗಾಲದಲ್ಲಿ ಅವನ ಬಲಭುಜ ಕೈಕೊಟ್ಟಿತು. ರೇಸು ಇನ್ನೊಂದು ವರ್ಷ ಮಾತ್ರ ಎಂದರು ಡಾಕ್ಟರು. ಅವತ್ತಿನಿಂದ ಇಸ್ಮೊ ಒಂದು ಹಳೆಯ ಫ್ಲೈವೀಲನ್ನು ತಂದೆಯ ಕಾಲದ ಲೇತಿಗೆ ಕಟ್ಟಿ, ಪ್ರತಿ ಸಂಜೆ ಒಂದೊಂದು ಕೂದಲಿನಷ್ಟು ಸವೆಸುತ್ತ ಕೂತ. ಫ್ಲೈವೀಲ್ ಹಗುರವಾದಷ್ಟೂ ಎಂಜಿನ್ನು ಚುರುಕಾಗಿ ಮೇಲೇಳುತ್ತದೆ. ಅತಿಯಾಗಿ ಸವೆಸಿದರೆ ಸಿಡಿಯುತ್ತದೆ. ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿರುವುದೇ ವಿದ್ಯೆ; ಎಲ್ಲಿ ನಿಲ್ಲಿಸಬೇಕೆಂದು ಜೀವನದಲ್ಲಿ ಎಂದೂ ಗೊತ್ತಾಗದ ಮನುಷ್ಯ ಅದೊಂದರಲ್ಲಿ ಸರಿಯಾದ ಕಡೆ ನಿಲ್ಲಿಸಿದ. ಊರ ಟ್ರ್ಯಾಕಿನಲ್ಲಿ ನಡೆಯುವ ವರ್ಷದ ಕೊನೆಯ ರೇಸಿಗೆಂದು ಅದನ್ನು ಸುತ್ತಿಟ್ಟ. ಅದು ಮುಗಿದ ಮೇಲೆ ಯಾರು ಬೇಕಾದರೂ ಕಾರು ಕೊಂಡುಹೋಗಲಿ, ತಾನು ಒಮ್ಮೆ ತನ್ನ ಊರಿನ ಮುಂದೆ ಮುಂದಾಗಿ ಓಡಬೇಕು. ಹಾಲಿನ ದಾರಿಯ ಎಲ್ಲ ಕೊಟ್ಟಿಗೆಗಳಲ್ಲೂ ಅವನು ಇದನ್ನು ಸಾರಿದ್ದ, ಫ್ಲೈವೀಲಿನ ವಿಷಯ ಒಂದನ್ನು ಬಿಟ್ಟು. ಸಿರ್ಕಾ ಹಾಗೆಂದು ಆಣೆ ಹಾಕಿಸಿದ್ದಳು.

ಆ ಕೊನೆಯ ರೇಸು ಮುಂದಿನ ಭಾನುವಾರ. ಅದರಲ್ಲಿ ಓಡಲು ಹೆಸರು ಬರಬೇಕೆಂದರೆ ನಾಳೆ ಪಕ್ಕದ ಊರಿನ ಕ್ವಾರಿಯಲ್ಲಿ ಓಡಿ ಅಂಕ ಗಳಿಸಬೇಕಿತ್ತು. ಇದ್ದ ಫ್ಲೈವೀಲ್ ಇಂದು ಥಪ್ ಎಂದಿತ್ತು.

“ಅದನ್ನೇ ಹಾಕ್ಬೇಕು,” ಎಂದ ಇಸ್ಮೊ.

“ಹಾಕಿದ್ರೆ ನಾಳೆ ಯಾರಿಗಾದ್ರೂ ಗೊತ್ತಾಗುತ್ತೆ. ಗೊತ್ತಾದ್ರೆ ಕೇಳ್ತಾರೆ. ಕೇಳಿದ್ರೆ ಮುಂದಿನ ವಾರ ನೀನು ಹಾಲಿನ ಲಾರಿ ತಗೊಂಡು ಟ್ರ್ಯಾಕಿಗೆ ಇಳೀಬೇಕು.”

“ನಾನು ಹೇಳಿದ್ರೆ ತಾನೆ ಗೊತ್ತಾಗೋದು?”

ಸಿರ್ಕಾ ಹುಬ್ಬನ್ನು ಏರಿಸಿದಳು.

ಅಂದು ಮಧ್ಯಾಹ್ನದವರೆಗೂ ಇಬ್ಬರೂ ಕೆಲಸ ಮಾಡಿದರು. ಇಸ್ಮೊ ಫ್ಲಾನೆಲ್ ಬಿಚ್ಚಿದ. ಹೊಸ ತಟ್ಟೆಯಂತೆ ಹೊಳೆಯುವ ಕಬ್ಬಿಣದಲ್ಲಿ ಸಿರ್ಕಾಳ ಮುಖ ಅಗಲವಾಗಿ, ಸ್ವಲ್ಪ ಸೊಟ್ಟಗೆ ಕಂಡಿತು. ಅವನು ಅದನ್ನು ದಾರದಲ್ಲಿ ತೂಗುಬಿಟ್ಟು ಸುತ್ತಿಗೆಯ ಹಿಡಿಯಿಂದ ಮುಟ್ಟಿದ. ತೆಳ್ಳನೆಯ ದನಿಯೊಂದು ಎದ್ದು, ಶೆಡ್ಡಿನ ತಗಡಿಗೆ ತಾಗಿ, ಬಾರ್ಲಿಯ ಗುಂಯ್‌ಕಾರದೊಳಗೆ ಬಹಳ ಹೊತ್ತು ಕರಗದೆ ನಿಂತಿತು.

“ಹಿಡಿದು ನೋಡು, ಯಜಮಾನ್ತಿ. ಎಷ್ಟು ಹಗುರ! ಇಡೀ ಪೊಹ್ಯನ್‌ಮಾದಲ್ಲಿ ಇಂಥದ್ದು...”

“ಶುರು ಮಾಡಿದ್ಯಾ? ಬೋಲ್ಟು ಕೊಡು.”

ಅವನು ಫ್ಲೈವೀಲನ್ನು ಎಂಜಿನ್ನಿನ ಬೆನ್ನಿಗೆ ಒತ್ತಿ ಹಿಡಿದ. ಸಿರ್ಕಾ ದೊಡ್ಡ ಸ್ಕ್ರೂಡ್ರೈವರನ್ನು ಅದರ ಅಂಚಿನ ಹಲ್ಲುಗಳ ನಡುವೆ ತೂರಿಸಿ, ಅದು ತಿರುಗದಂತೆ ಮೈಭಾರ ಹಾಕಿ ನಿಂತಳು. ಬೋಲ್ಟುಗಳನ್ನು ಒಂದರ ಪಕ್ಕದ್ದಲ್ಲ, ಒಂದರ ಎದುರಿನದ್ದು ಎಂಬಂತೆ ಬಿಗಿದ. ಪಕ್ಕದ್ದನ್ನು ಮೊದಲು ಬಿಗಿದರೆ ಚಕ್ರ ಸೊಟ್ಟ ಕೂರುತ್ತದೆ. ಕ್ಲಚ್ಚಿನ ತಟ್ಟೆಯನ್ನು ನಡುವಿಗೆ ನಿಲ್ಲಿಸಲು ಅಂಗಡಿಯ ಸಲಕರಣೆ ಇತ್ತು. ಆದರೆ ಇಸ್ಮೊ ಬರ್ಚ್ ಮರದ ಕೋಲನ್ನು ತಾನೇ ಕೆತ್ತಿಕೊಂಡಿದ್ದ, ಅಂಗಡಿಯದಕ್ಕಿಂತ ಅದು ಉತ್ತಮವೆಂದು ಅಂಗಡಿಯವನಿಗೇ ಹೇಳಿ ಬಂದಿದ್ದ. ಕೊನೆಗೆ ಗೇರ್‌ಬಾಕ್ಸನ್ನು ಮೇಲೆತ್ತುವಾಗ ಅವನ ಭುಜ ಏಳಲಿಲ್ಲ. ಸಿರ್ಕಾ ಹಳೆಯ ಚಿಂದಿ ಚಾಪೆಯ ಮೇಲೆ ಅಂಗಾತ ಮಲಗಿ, ಎರಡು ಮಂಡಿಗಳಿಂದಲೂ ಎದೆಯಿಂದಲೂ ಅದನ್ನು ತಳ್ಳಿ ಹಿಡಿದಳು. ಗೇರ್‌ಬಾಕ್ಸಿನ ದಂಡ ಕ್ಲಚ್ಚಿನ ತೂತಿಗೆ ತಡೆದು ತಡೆದು ಒಮ್ಮೆಗೇ ಒಳಗೆ ಜಾರಿತು. ಅವಳ ಉಸಿರೂ ಅದರ ಜೊತೆ ಹೊರಗೆ ಬಂತು.

“ಕೂತಿತು!” ಎಂದ ಇಸ್ಮೊ ಮೇಲಿನಿಂದ. “ನನ್ನ ಲೆಕ್ಕ ಅಂದ್ರೆ ಲೆಕ್ಕ.”

“ನಿನ್ನ ಲೆಕ್ಕ ನನ್ನ ಪಕ್ಕೆಲುಬಿನ ಮೇಲಿದೆ. ಬೇಗ ಬೋಲ್ಟು ಹಾಕು.”

ಕೈ ತೊಳೆಯುವಾಗ ಅವಳು ನೀರು ನಿಲ್ಲಿಸಿ ಅವನ ಕಡೆ ತಿರುಗಿದಳು.

“ನಾಳೆ ಒಂದು ದಿನ, ಇಸ್ಮೊ. ಬಾಯಿ ಮುಚ್ಕೊಂಡಿರು.”

“ನಾನೇನು ಸಣ್ಣ ಮಗುನಾ?”

“ಸಣ್ಣ ಮಗು ಆಗಿದ್ರೆ ಬಾಯಿಗೆ ನಿಪ್ಪಲ್ ಇಟ್ಟು ಸುಮ್ಮನಾಗ್ತಿದ್ದೆ.”

“ಸರಿ. ನಾಳೆ ನಾನು ಮೂಗ. ದೇವರಾಣೆಗೂ.”

ಅವಳು ನಂಬಲಿಲ್ಲ. ಆದ್ದರಿಂದ ನಿಪ್ಪಲ್ಲಿನ ಬದಲು ಒಂದು ಚೀಲ ಉಪ್ಪು ಹುಳಿ ಕರಿಮಿಠಾಯಿ ಕೊಂಡು ತಂದಳು.

ಭಾನುವಾರ ಸಣ್ಣಗೆ ಜಿನುಗುತ್ತಿತ್ತು. ಕ್ವಾರಿಯ ಸುತ್ತ ಟ್ರೇಲರುಗಳು, ಸಾಸೇಜು ಸುಡುವ ಹೊಗೆ, ಕಾಗದದ ಲೋಟಗಳಲ್ಲಿ ಕಾಫಿ. ಸಾಲಾಗಿ ನಿಂತ ಕಾರುಗಳ ಮುಂದೆ ಗಂಡಸರು ನಿಂದಾಸ್ತುತಿ ಶುರುಮಾಡಿದ್ದರು.

“ನಂದು ಕಾರಲ್ಲಪ್ಪ, ಶವಪೆಟ್ಟಿಗೆ. ಅದಕ್ಕೂ ಚಕ್ರ ಸೊಟ್ಟ.”

“ನಿಂದಾದ್ರೂ ಪೆಟ್ಟಿಗೆ. ನಂದು ಬರೀ ಮೊಳೆ.”

ಎಲ್ಲರಿಗಿಂತ ಚೆನ್ನಾಗಿ ಅಳುತ್ತಿದ್ದವನು ತೈಸ್ತೊ ಕುವೊಪ್ಪಲಾ. ಯಾಸ್ಕರಿಗಳ ನೆರೆಯವ, ಹಂದಿ ಸಾಕುವವ. ಅವನ ವಿನಯ ಸದಾ ಗ್ರೀಸ್ ಹಚ್ಚಿಟ್ಟಂತೆ ನುಣ್ಣಗಿರುತ್ತಿತ್ತು. ಮೂರು ಸಲ ಚಾಂಪಿಯನ್ನಾಗಿದ್ದರೂ ಅವನ ಬಾಯಲ್ಲಿ ಅವನ ಕಾರು ಅಂದೇ ಸಾಯುವ ಮುದಿ ಹಂದಿ.

“ಇಸ್ಮೊ, ಹೇಗಿದೆ ನಿನ್ನ ರಾಕೆಟ್ಟು?” ಎಂದು ಕೇಳಿದ.

ಇಸ್ಮೊನ ದವಡೆ ಅಲುಗಿತು. ಮಿಠಾಯಿ ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿತು. “ಹ್ಞೂಂ,” ಎಂದ.

ತೈಸ್ತೊ ಕಾದ. ಇನ್ನೇನೂ ಬರಲಿಲ್ಲ. ಅವನು ಸಿರ್ಕಾಳ ಹತ್ತಿರ ಬಂದು ದನಿ ತಗ್ಗಿಸಿದ. “ಏನಾಯ್ತೇ ಇವನಿಗೆ? ಹಲ್ಲು ನೋವಾ?”

“ಚೆನ್ನಾಗಿದ್ದಾನೆ.”

“ಮುಖದ ಒಂದು ಕಡೆ ಜೋತು ಬಿದ್ದಿದೆಯಾ ನೋಡ್ದ್ಯಾ? ನಮ್ಮ ಮಾವನಿಗೂ ಹಿಂಗೇ ಆಗಿದ್ದು. ಬೆಳಿಗ್ಗೆ ಸುಮ್ಮನಾದ, ಸಂಜೆ ಆಸ್ಪತ್ರೆ.”

ಹನ್ನೊಂದು ಗಂಟೆಗೆಲ್ಲ ಕ್ವಾರಿಯ ತುಂಬ ಸುದ್ದಿ ಹಬ್ಬಿತು. ಇಸ್ಮೊಗೆ ಲಕ್ವ ಹೊಡೆದಿದೆ. ಅಲ್ಲ, ಸಿರ್ಕಾ ಬಿಟ್ಟು ಹೋಗುತ್ತಿದ್ದಾಳೆ. ಅಲ್ಲ, ಹಾಲಿನ ಡೇರಿಯವರು ಕೆಲಸದಿಂದ ತೆಗೆದಿದ್ದಾರೆ. ಧ್ವನಿವರ್ಧಕ ನೋಡಿಕೊಳ್ಳುವ ಅನ್ನೆಲಿ ತನ್ನ ಕ್ಯಾರವಾನಿನಿಂದ ಇಳಿದು ಬಂದು ಸಿರ್ಕಾಳಿಗೆ ಒಂದು ಬನ್ನು ಕೊಟ್ಟು, ಏನೂ ಕೇಳದೆ, ಭುಜ ತಟ್ಟಿ ಹೋದಳು. ಸಿರ್ಕಾ ಎಲ್ಲರಿಗೂ ಮೆಲುನಗೆ ಕೊಟ್ಟಳು. ಗಂಡನ ಬಾಯಿ ಕೊನೆಗೂ ತನ್ನ ಹಿಡಿತಕ್ಕೆ ಬಂತೆಂಬ ಖುಷಿ ಅವಳಿಗೆ ಬನ್ನಿಗಿಂತ ಸಿಹಿಯಾಗಿತ್ತು.

ಮೊದಲ ಸುತ್ತಿನಲ್ಲಿ ಗುಟ್ಟು ಕಾಯಲು ದೇವರೇ ಕೈಹಿಡಿದ. ಹಗುರ ಫ್ಲೈವೀಲಿಗೆ ಎಂಜಿನ್ನನ್ನು ಮುಂದಕ್ಕೆ ದೂಡಿಕೊಂಡು ಹೋಗುವ ಭಾರವಿಲ್ಲ. ಹೊರಡುವಾಗ ಆಕ್ಸಿಲರೇಟರ್ ಪೆಡಲನ್ನು ಚೆನ್ನಾಗಿ ಒತ್ತಿರದಿದ್ದರೆ ಎಂಜಿನ್ನು ಉಸಿರು ಬಿಡುತ್ತದೆ. ಹಳೆಯ ಅಭ್ಯಾಸದಲ್ಲಿ ಇಸ್ಮೊ ಕ್ಲಚ್ಚು ಬಿಟ್ಟ, ಕಾರು ಒಮ್ಮೆ ಕುಪ್ಪಳಿಸಿ ನಿಂತೇ ಹೋಯಿತು. ಬೇಲಿಯ ಉದ್ದಕ್ಕೂ ನಗೆ. “ಇಸ್ಮೊನ ರಾಕೆಟ್ಟು ಹೊರಟಿತು!” ಅವನು ಮತ್ತೆ ಎಬ್ಬಿಸಿ, ಕೊನೆಯಿಂದ ಹೊರಟು, ಹೇಗೋ ಮೂರನೆಯವನಾಗಿ ಬಂದ. ಜನ ನಗುವುದರಲ್ಲಿ ಇದನ್ನು ಸರಿಯಾಗಿ ನೋಡಲಿಲ್ಲ. ಸಿರ್ಕಾ ನೋಡಿದಳು. ತಿರುವಿನಿಂದ ಹೊರಬರುವಾಗ ಉಳಿದ ಕಾರುಗಳು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಅವನದು, ಮೀನು ಬಾಲ ಕೊಡವಿದಂತೆ, ಆಗಲೇ ಮುಂದಿರುತ್ತಿತ್ತು.

“ನಿಧಾನ ಹೋಗು,” ಎಂದಳು, ಹೆಲ್ಮೆಟ್ಟಿನೊಳಕ್ಕೆ ಮಿಠಾಯಿ ತೂರುತ್ತ. “ಫೈನಲ್ಲಿಗೆ ಬಂದ್ರೆ ಸಾಕು. ಐದನೇ ಜಾಗ ಸಾಕು.”

ಅವನು ತಲೆಯಾಡಿಸಿದ. ಅವನ ಕಣ್ಣುಗಳು ಹೊಳೆಯುತ್ತಿದ್ದವು. ಬಾಯಿ ಮುಚ್ಚಿದ್ದರಿಂದ ಹೇಳಬೇಕಾದ್ದೆಲ್ಲ ಅಲ್ಲಿಗೆ ಹತ್ತಿ ಕೂತಂತಿತ್ತು.

ಫೈನಲ್ಲಿನಲ್ಲಿ ಅವನು ಹಿಂದೆಯೇ ಉಳಿಯಲು ಪ್ರಯತ್ನಿಸಿದ ಎಂದು ಹೇಳಬಹುದು. ಕಾರು ಒಪ್ಪಲಿಲ್ಲ. ನೇರ ದಾರಿಯಲ್ಲಿ ಇಬ್ಬರನ್ನು, ಅವರು ತಿರುಗಿ ನೋಡುವಷ್ಟರಲ್ಲಿ, ಹಿಂದೆ ಹಾಕಿತು. ಕೊನೆಯ ಸುತ್ತಿನಲ್ಲಿ ಮುಂದಿದ್ದ ಇಬ್ಬರು, ಅವರಲ್ಲೊಬ್ಬ ತೈಸ್ತೊ, ತಿರುವಿನ ಕೆಸರಿನಲ್ಲಿ ಒಬ್ಬರಿಗೊಬ್ಬರು ಗುದ್ದಿಕೊಂಡರು. ಇಸ್ಮೊ ಸಂದಿಯಲ್ಲಿ ತೂರಿದ. ಎಲ್ಲರಿಗಿಂತ ಮುಂದಿದ್ದ ಪೈವಿ ರಾಂತೊ, ಹಲ್ಲಿನ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವ ಹುಡುಗಿ, ಅವನಿಗಿಂತ ಒಂದು ಬಾನೆಟ್ಟಿನಷ್ಟು ಮುಂದೆ ಗೆರೆ ದಾಟಿದಳು. ಅವನು ಎರಡನೆಯವನು. ಮುಂದಿನ ವಾರದ ರೇಸಿಗೆ ಅವನ ಹೆಸರು ಬಂತು.

ಇನ್ನು ಉಳಿದದ್ದು ಅರ್ಧ ಗಂಟೆ.

ಅನ್ನೆಲಿಯ ಕ್ಯಾರವಾನಿನ ಕಿಟಕಿ ತೆರೆಯಿತು. ಕಾರು ಬೇಕಾದವರು ಅಲ್ಲಿಗೆ ಹೋಗಿ ಕಾರಿನ ನಂಬರೂ ತಮ್ಮ ಹೆಸರೂ ಬರೆದ ಚೀಟಿ ಕೊಡಬೇಕು. ಯಾವ ಕಾರಿಗೆ ಬೇಡಿಕೆ ಬಂದಿದೆ ಎಂದು ಅವಳು ಆಗಾಗ ಧ್ವನಿವರ್ಧಕದಲ್ಲಿ ಹೇಳುತ್ತಾಳೆ. ಪೈವಿಯ ಕಾರು. ನಾಲ್ಕು ಜನ. ತೈಸ್ತೊನ ಮೂತಿ ಮುರಿದ ಕಾರಿಗೂ ಇಬ್ಬರು. ಅಷ್ಟೇಕೆ, ಮೊದಲ ಸುತ್ತಿನಲ್ಲೇ ಮಗುಚಿದ ಒಂದು ಕೆಂಪು ಕಾರಿಗೂ ಒಬ್ಬ. ಇಸ್ಮೊನ ಕಾರಿಗೆ ಯಾರೂ ಇಲ್ಲ.

ಇಸ್ಮೊ ಟ್ರೇಲರಿನ ಅಂಚಿನಲ್ಲಿ ಕೂತಿದ್ದ. ಮಿಠಾಯಿಯಿಂದ ಅವನ ತುಟಿ ಕಪ್ಪಾಗಿತ್ತು. ಧ್ವನಿವರ್ಧಕ ಪ್ರತಿ ಸಲ ಕರಕರ ಎಂದಾಗ ಅವನು ಸ್ವಲ್ಪ ನೆಟ್ಟಗಾಗುತ್ತಿದ್ದ, ನಂಬರು ಕೇಳಿ ಮತ್ತೆ ಕುಗ್ಗುತ್ತಿದ್ದ. ಅವನು ಹೆದರಿದ್ದಾನೆ ಎಂದುಕೊಂಡಳು ಸಿರ್ಕಾ. ನಾಲ್ಕನೆಯ ಸಲಕ್ಕೆ ಅವಳಿಗೆ ಅದು ಹೆದರಿಕೆಯಲ್ಲವೆಂದು ತಿಳಿಯಿತು. ಮಗುಚಿದ ಕಾರಿನ ನಂಬರು ಕೇಳಿದಾಗ ಅವನು ತನ್ನ ಕೈಯನ್ನೇ ನೋಡಿಕೊಂಡ, ಉಗುರಿನ ಸಂದಿಯಲ್ಲಿ ಚಳಿಗಾಲದಿಂದ ಹೋಗದೆ ಉಳಿದ ಕಬ್ಬಿಣದ ಕಪ್ಪನ್ನು.

ಅವಳಿಗೆ ಸಂತೋಷವಾಗಬೇಕಿತ್ತು. ಬೇಕಾದ್ದು ಬೇಕಾದ ಹಾಗೇ ನಡೆಯುತ್ತಿತ್ತು. ಅವಳು ಕಾಫಿ ತರಲು ಹೋದಳು.

ಸಾಸೇಜಿನ ಸಾಲಿನಲ್ಲಿ ತೈಸ್ತೊ ನಿಂತಿದ್ದ, ಹಿಂದೆ ಅವತ್ತು ಓಡಿದ ಅವನ ಗೆಳೆಯರು. ಗುದ್ದಿಕೊಂಡು ಹೊರಬಿದ್ದವನಿಗೆ ಇನ್ನೊಬ್ಬರ ಮೇಲೆ ಕನಿಕರ ಬಹಳ ಬರುತ್ತದೆ.

“ಸಿರ್ಕಾ, ನಿನ್ನ ಗಂಡನಿಗೆ ಇವತ್ತು ಅದೃಷ್ಟ ಒದ್ದುಕೊಂಡು ಬಂತು ನೋಡು,” ಎಂದ. “ನಾವಿಬ್ರು ಗುದ್ದಿಕೊಂಡ್ವಿ, ಅವನು ತೂರಿದ. ಇರ್ಲಿ ಬಿಡು. ಪಾಪ, ಕಡೇ ವರ್ಷ.”

“ಅದೃಷ್ಟ,” ಎಂದಳು ಸಿರ್ಕಾ.

“ಮತ್ತೇನು? ಹೊರಡುವಾಗಲೇ ನಿಂತು ಹೋದ ಡಬ್ಬ ಅದು. ಪುಕ್ಕಟೆ ಕೊಟ್ರೂ ನನ್ನ ಹಂದಿ ಅದರಲ್ಲಿ ಕೂರಲ್ಲ.” ಹಿಂದಿನವರು ನಕ್ಕರು. “ಮುಂದಿನ ವಾರ ಅಲ್ಲೂ ಯಾರಾದ್ರೂ ಗುದ್ದಿಕೊಳ್ಳಲಿ ಅಂತ ಚರ್ಚಲ್ಲಿ ಒಂದು ಹಾಡು ಹೇಳು.”

ಸಿರ್ಕಾ ಹುಬ್ಬು ಏರಿಸಿ ಸುಮ್ಮನಾಗಬೇಕಿತ್ತು. ಹುಬ್ಬು ಏರಿತು ಕೂಡ. ಆದರೆ ಅದರ ಹಿಂದೆಯೇ ಬಾಯಿಯೂ ತೆರೆಯಿತು.

“ಅದೃಷ್ಟವಂತೆ! ನಿನ್ನ ಕಣ್ಣಿಗೆ ಏನು ಹಂದಿಯ ಬೂಸಾ ಬಿದ್ದಿತ್ತಾ ತೈಸ್ತೊ? ನೇರ ದಾರಿಯಲ್ಲಿ ಎರಡು ಕಾರು ನುಂಗಿದ್ದು ನೋಡಲಿಲ್ವಾ? ತಿರುವಿಂದ ಬರುವಾಗ ಆ ಎಂಜಿನ್ನು ಹೆಂಗೆ ಏಳುತ್ತೆ, ಕೇಳಿಸಲಿಲ್ವಾ? ಹೊರಡುವಾಗ ನಿಂತಿದ್ದು ಯಾಕೆ ಗೊತ್ತಾ? ಫ್ಲೈವೀಲು ಅಷ್ಟು ಹಗುರ ಅದು! ಒಂದಿಡೀ ಚಳಿಗಾಲ ಲೇತಿನ ಮುಂದೆ ಕೂತು ಸವೆಸಿದ್ದಾನೆ ಆ ಮನುಷ್ಯ, ಕೂದಲು ಕೂದಲಾಗಿ. ಕ್ರಿಸ್‌ಮಸ್ಸಿನ ಹಂದಿತೊಡೆ ತಣ್ಣಗಾಯ್ತು, ಇವನು ಲೇತ್ ಬಿಟ್ಟು ಏಳಲಿಲ್ಲ. ಬಡಿದ್ರೆ ಗಂಟೆ ಹೊಡೆದ ಹಾಗೆ ದನಿ ಬರುತ್ತೆ. ನಿನ್ನೆ ಅದನ್ನ ಕೂರಿಸೋಕೆ ಗೇರ್‌ಬಾಕ್ಸು ನನ್ನ ಈ ಎದೆ ಮೇಲೆ ಹೊತ್ತಿದ್ದೀನಿ ನಾನು, ನೋಡ್ತೀಯಾ ಗಾಯ? ಇಡೀ ಪೊಹ್ಯನ್‌ಮಾದಲ್ಲಿ ಇಂಥದ್ದು ಇನ್ನೊಂದಿಲ್ಲ!”

ಸಾಸೇಜು ತಿರುವುತ್ತಿದ್ದ ಹೆಂಗಸಿನ ಇಕ್ಕಳ ಗಾಳಿಯಲ್ಲೇ ನಿಂತಿತು.

ತೈಸ್ತೊ ತನ್ನ ತುಟಿಯ ಸಾಸಿವೆಯನ್ನು ಕರವಸ್ತ್ರದಿಂದ ಒರೆಸಿಕೊಂಡ. “ಹೌದಾ,” ಎಂದ, ಬಹಳ ಮರ್ಯಾದೆಯಿಂದ. ಆಮೇಲೆ ಸಾಸೇಜನ್ನು ಹಿಂದಿನವನ ಕೈಗಿಟ್ಟು, ಕ್ಯಾರವಾನಿನ ಕಡೆ ನಡೆದ. ಓಡಲಿಲ್ಲ. ಈ ಸೀಮೆಯಲ್ಲಿ ಇನ್ನೊಬ್ಬರ ಕಣ್ಣೆದುರು ಓಡುವುದು ಹಗುರತನ. ಆದರೆ ಹಿಂದಿನವನು ಸಾಸೇಜನ್ನು ತನ್ನ ಹಿಂದಿನವನ ಕೈಗಿಟ್ಟು ಅದೇ ಕಡೆ ನಡೆದ, ಅವನ ಹಿಂದಿನವನೂ. ಒಂದು ಗಳಿಗೆಯಲ್ಲಿ ಕ್ವಾರಿಯ ಕೆಸರಿನಲ್ಲಿ ಹತ್ತು ಹನ್ನೊಂದು ಜನ, ಎಲ್ಲರೂ ಬೇರೆಲ್ಲೋ ಹೊರಟವರಂತೆ ಆಕಾಶ ನೋಡುತ್ತ, ಮಂಡಿ ಮಡಿಸದ ಒಂದು ವಿಚಿತ್ರ ವೇಗದಲ್ಲಿ ಒಂದೇ ಕಿಟಕಿಯ ಕಡೆ ಸಾಗುತ್ತಿದ್ದರು. ಅವರೆಲ್ಲರನ್ನೂ ದಾಟಿ ಪೈವಿ ಓಡಿಯೇ ಹೋದಳು. ಅವಳು ಚಿಕ್ಕವಳು, ಹಗುರತನ ಅವಳನ್ನು ಬಾಧಿಸುತ್ತಿರಲಿಲ್ಲ.

ಸಿರ್ಕಾ ಅಲ್ಲೇ ನಿಂತಿದ್ದಳು. ಎರಡು ಕೈಯಲ್ಲೂ ಕಾಫಿ. ತನ್ನ ಬಾಯಿಂದ ಬಂದದ್ದು ಯಾರ ದನಿ ಎಂದು ಅವಳಿಗೆ ಗೊತ್ತಿತ್ತು. ಅದನ್ನು ಎಷ್ಟೋ ವರ್ಷದಿಂದ ಊಟದ ಮೇಜಿನ ಎದುರು ಕೂತು ಕೇಳಿದ್ದಳು. ಅದು ತನ್ನೊಳಗೆ ಇಷ್ಟು ಚೆನ್ನಾಗಿ ಬೆಚ್ಚಗೆ ಕೂತಿದೆಯೆಂದು ಮಾತ್ರ ಗೊತ್ತಿರಲಿಲ್ಲ.

ಧ್ವನಿವರ್ಧಕ ಕರಕರ ಎಂದಿತು. ಇಸ್ಮೊನ ನಂಬರು. ಅನ್ನೆಲಿಗೇ ನಂಬಿಕೆ ಬರಲಿಲ್ಲವೋ ಏನೋ, ಎರಡು ಸಲ ಓದಿದಳು.

ಸಿರ್ಕಾ ಟ್ರೇಲರಿನ ಹತ್ತಿರ ಹೋದಾಗ ಇಸ್ಮೊ ಎದ್ದು ನಿಂತಿದ್ದ.

“ನಾನು ಒಂದು ಮಾತೂ ಆಡಿಲ್ಲ,” ಎಂದ. ಬೆಳಗಿನಿಂದ ಅವನ ಬಾಯಿಂದ ಹೊರಟ ಮೊದಲ ಪೂರ್ತಿ ವಾಕ್ಯ ಅದು. “ದೇವರಾಣೆ, ಸಿರ್ಕಾ. ನಾನಲ್ಲ.”

“ನೀನಲ್ಲ.”

“ಮತ್ತೆ ಯಾರು?”

ಅವಳು ಕಾಫಿಯನ್ನು ಅವನ ಕೈಗೆ ಕೊಟ್ಟಳು. “ನಾನು.”

ಇಸ್ಮೊ ಲೋಟವನ್ನು ನೋಡಿದ, ಅವಳನ್ನು ನೋಡಿದ. ಬೈಗುಳ ಬಂದಿದ್ದರೆ ಅವಳು ಬಚಾವಾಗುತ್ತಿದ್ದಳು. ಅವನು ಕಾಫಿಯನ್ನು ಒಂದು ಗುಟುಕು ಕುಡಿದ. ಆಮೇಲೆ ದನಿ ತಗ್ಗಿಸಿ ಕೇಳಿದ, “ಎಷ್ಟು ಜನ ಹಾಕಿದ್ದಾರಂತೆ?”

“ಹತ್ತು, ಹನ್ನೊಂದು.”

“ತೈಸ್ತೊನೂ?”

“ಅವನೇ ಮೊದಲು ಹೊರಟಿದ್ದು.”

ಅವನ ಮುಖದಲ್ಲಿ ಪದಕ ಕೊರಳಿಗೆ ಬಿದ್ದ ಗಳಿಗೆಯಲ್ಲೇ ಕಾಲು ಕಳೆದುಕೊಂಡ ಸೈನಿಕನ ನಗು ಮೂಡಿತು. ಅದು ನಿಲ್ಲಲೂ ಇಲ್ಲ, ಪೂರ್ತಿ ಅರಳಲೂ ಇಲ್ಲ.

ಚೀಟಿಗಳನ್ನು ಒಂದು ಹೆಲ್ಮೆಟ್ಟಿನಲ್ಲಿ ಹಾಕಿ ಅಲ್ಲಾಡಿಸಿದರು. ಅನ್ನೆಲಿ ಕಣ್ಣು ಮುಚ್ಚಿ ಒಂದನ್ನು ಎತ್ತಿದಳು. ಪೈವಿ ರಾಂತೊ. ತೈಸ್ತೊ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿ, “ನನಗೆ ಬೇಕೇ ಇರಲಿಲ್ಲ, ಇಸ್ಮೊನ ಮರ್ಯಾದೆಗೆ ಅಂತ ಹಾಕ್ದೆ,” ಎಂದ. ಯಾರೂ ನಗಲಿಲ್ಲ, ಎಲ್ಲರೂ ಹಾಗೆಯೇ ಹೇಳಲು ಸಿದ್ಧವಾಗಿದ್ದರು.

ಪೈವಿ ಆ ಕಾರಿನೊಳಗೆ ಹತ್ತಿ ಕೂತಳು. ಎಬ್ಬಿಸಿದಳು, ಹೊರಡಲು ನೋಡಿದಳು. ಕ್ಲಚ್ಚು ಬಿಟ್ಟೊಡನೆ ಕಾರು ಕುಪ್ಪಳಿಸಿ ನಿಂತಿತು. ಮತ್ತೊಮ್ಮೆ. ಮತ್ತೆ ನಿಂತಿತು. ಗುಂಪು ಸೇರಿತು.

“ಇದೇನು ಹೀಗೆ?” ಎಂದಳು, ಗಾಜಿಲ್ಲದ ಕಿಟಕಿಯಿಂದ ತಲೆ ಹೊರಹಾಕಿ. “ಇಸ್ಮೊ, ಸ್ವಲ್ಪ ಹೇಳಿಕೊಡ್ತೀರಾ?”

ಎಲ್ಲರೂ ಇಸ್ಮೊನ ಕಡೆ ತಿರುಗಿದರು. ಇಷ್ಟೊಂದು ಕಿವಿಗಳು ಅವನಿಗಾಗಿ ಒಟ್ಟಿಗೆ ತೆರೆದದ್ದು ಅದೇ ಮೊದಲು. ಅವನು ಬಾಯಿ ತೆರೆದ. ಏನೂ ಬರಲಿಲ್ಲ. ಅವನು ತಿರುಗಿ ಟ್ರೇಲರಿನ ಕಡೆ ಹೋದ.

ಹೇಳುವವರು ಯಾರಾದರೂ ಬೇಕಿತ್ತು. ಸಿರ್ಕಾ ಕಿಟಕಿಯ ಅಂಚಿಗೆ ಕೈಯಿಟ್ಟು ಬಗ್ಗಿದಳು.

“ಹಾಗಲ್ಲ ಕಣಮ್ಮ. ಇದಕ್ಕೆ ಬೇರೆ ಕಾರಿನ ಹಾಗೆ ಕಾಯೋ ಸ್ವಭಾವ ಇಲ್ಲ. ಮೊದಲು ಬಲಗಾಲು ಒತ್ತು. ಇನ್ನೂ. ದನಿ ಸಣ್ಣಗೆ ಆಗಬೇಕು, ಹ್ಞಾಂ, ಅಲ್ಲಿ. ಅಲ್ಲೇ ಹಿಡಿ.” ಎಂಜಿನ್ನು ಒಮ್ಮೆಗೇ ಮೇಲೆದ್ದು ಕ್ವಾರಿಯ ಗೋಡೆಗೆ ತಾಗಿ ಮರಳಿತು. ಬೇಲಿಯ ಹತ್ತಿರದವರೂ ತಲೆ ಎತ್ತಿದರು. ಸಿರ್ಕಾಳ ಬೆನ್ನು ತಾನೇ ನೆಟ್ಟಗಾಯಿತು. “ಕೇಳಿದ್ಯಾ? ಅದು ಫ್ಲೈವೀಲು. ಈಗ ಎಡಗಾಲು. ಬಿಡೋವಾಗ ಪೂರ್ತಿ ಬಿಡಬಾರದು, ಮೊದಲು ಸ್ವಲ್ಪ, ಆಮೇಲೆ ಎರಡನೇ ಗೇರಿಗೆ ಹೋಗೋ ಮುಂಚೆ...”

ಆಚೆ ಇಸ್ಮೊ ಕಾರಿಲ್ಲದ ಟ್ರೇಲರಿನ ಮೇಲೆ ಹತ್ತಿ, ಕಟ್ಟಲು ಏನೂ ಇಲ್ಲದಿದ್ದರೂ ಪಟ್ಟಿಗಳನ್ನು ಒಂದೊಂದಾಗಿ ಬಿಗಿಯುತ್ತಿದ್ದ. ಬಲಭುಜ ಏಳುತ್ತಿರಲಿಲ್ಲ. ಎಡಗೈಯಲ್ಲೇ ಎಳೆಯುತ್ತಿದ್ದುದನ್ನು ಸಿರ್ಕಾ ಕಂಡಳು.

“ಗೇರಿಗೆ ಹೋಗೋ ಮುಂಚೆ?” ಎಂದಳು ಪೈವಿ ಒಳಗಿನಿಂದ. “ಏನು ಮಾಡ್ಬೇಕು?”

“ಎರಡನೇ ಗೇರಿಗೆ ಹೋಗೋ ಮುಂಚೆ ನೀನು ಅದನ್ನ ಒಂದು ಗಳಿಗೆ...” ಎನ್ನುತ್ತ ಸಿರ್ಕಾ ಕಿಟಕಿಯಿಂದ ಕೈ ತೆಗೆದು, ಮಾತನ್ನು ಅಲ್ಲಿಗೇ ಬಿಟ್ಟು, ಕೆಸರು ತುಳಿಯುತ್ತ ಟ್ರೇಲರಿನ ಕಡೆ ನಡೆದಳು.